ಬೂದಿಯ ಬಾಣ

ಹಸಿ ಕಟ್ಟಿಗೆಯ ಬೆಂಕಿಗೆ ಅನ್ನದ ಗಂಜಿ ಉಕ್ಕಿ ಬಿದ್ದಾಗ ಏಳುವ ವಾಸನೆಯೊಂದಿದೆ. ಗ್ಯಾಸಿನ ಒಲೆಯ ಮೇಲೆ ಎಷ್ಟು ಗಂಜಿ ಉಕ್ಕಿಸಿದರೂ ಅದು ಬರುವುದಿಲ್ಲ, ಮೂರು ಕಲ್ಲಿನ ಒಲೆಯೇ ಆಗಬೇಕು. ಮೊನ್ನೆ ಹೊಸಪೇಟೆಯಿಂದ ಹಂಪಿಗೆ ಹೋಗುವಾಗ ಕಡ್ಡಿರಾಂಪುರದ ಹತ್ತಿರ ಯಾರೋ ಯಾತ್ರೆಯವರು ಬೇವಿನ ಮರದ ಕೆಳಗೆ ಒಲೆ ಹೂಡಿದ್ದರು. ಆ ವಾಸನೆ ಕಾರಿನೊಳಗೆ ನುಗ್ಗಿದ್ದೇ ತಡ, "ನಿಲ್ಸೋ" ಎಂದು ಮೊಮ್ಮಗನಿಗೆ ಹೇಳಿ ಇಳಿದುಬಿಟ್ಟೆ. "ಒಂದು ಕಡೆ ಕೂಡಾಕಿಯಲ್ಲ ನೀನು. ಕಾಲಿಗೆ ಚಕ್ರ ಅದ ನೋಡಜ್ಜಿ ನಿನಗ" ಎಂದು ಗೊಣಗಿದ. ಇರುವುದು ನಿಜ. ಅದು ನನಗೆ ನನ್ನ ಸೋದರತ್ತೆ ಪದ್ಮಾವತಿಯಿಂದ ಬಂದದ್ದು. ನಾವು ಮಕ್ಕಳು ಆಕೆಯನ್ನು ಪದ್ದತ್ತಿ ಎನ್ನುತ್ತಿದ್ದೆವು.

ಹನ್ನೊಂದಕ್ಕೆ ಮದುವೆಯಾಗಿ ಹದಿಮೂರಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ನನಗೆ ಬುದ್ಧಿ ತಿಳಿಯುವ ಹೊತ್ತಿಗೆ ಇಪ್ಪತ್ತೈದು ದಾಟಿದ್ದ ಆಕೆ, ಬೋಳಿಸಿದ ತಲೆಯ ಮೇಲೆ ಕೆಂಪು ಸೀರೆಯ ಸೆರಗು ಹೊದ್ದು ನಮ್ಮ ಅಡಿಗೆಮನೆಯ ಮಡಿಹೆಂಗಸಾಗಿದ್ದಳು. ನಮ್ಮದು ಹೊಸಪೇಟೆಯ ವೈಷ್ಣವರ ಮನೆ. ಮಣ್ಣಿನ ಮಾಳಿಗೆ, ಹಜಾರದಲ್ಲಿ ಹೊಗೆ ಹಿಡಿದ ಕಂಬಗಳು, ಗಳದ ಮೇಲೆ ಒದ್ದೆ ಮಡಿಸೀರೆ, ಎಲ್ಲೆಲ್ಲೂ ಇಂಗಿನ ವಾಸನೆ. ಅಡಿಗೆಮನೆಗೆ ಕಿಟಕಿ ಇರಲಿಲ್ಲ, ಮೇಲೊಂದು ಬೆಳಕಿಂಡಿ ಇತ್ತು, ಅಷ್ಟೆ. ಅಪ್ಪ ಮದ್ರಾಸ್ ಸರಕಾರದ ತಾಲೂಕು ಕಚೇರಿಯಲ್ಲಿ ಗುಮಾಸ್ತ. ಅಲ್ಲಿ ತಹಸೀಲ್ದಾರರಿಗೆ, ಮನೆಯಲ್ಲಿ ಅಜ್ಜಿಗೆ ಎದುರಾಡದೆ ಬದುಕಿದವರು. ಅಮ್ಮನ ತೊಡೆಯ ಮೇಲೆ ಯಾವಾಗಲೂ ಒಂದು ಕೂಸು. ಈ ಎಲ್ಲರ ನಡುವೆ ಪದ್ದತ್ತಿಯ ಕಾಲು ಮಾತ್ರ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಬೇಳೆ ಬೇಯುವಷ್ಟರಲ್ಲಿ ಒಲೆಯಿಂದ ಹಿತ್ತಿಲ ಬಾವಿಗೆ, ಬಾವಿಯಿಂದ ಒಲೆಗೆ ಸುಮ್ಮನೆ ಓಡಾಡುತ್ತಿದ್ದಳು. "ಅಂಗಾಲು ಸುಟ್ಟ ಬೆಕ್ಕಿನಂಗ ಯಾಕ ತಿರುಗ್ತೀಯೇ" ಎಂದು ಅಜ್ಜಿ ದಿನಕ್ಕೊಮ್ಮೆಯಾದರೂ ಬೈಯುತ್ತಿದ್ದಳು.

ನನಗೆ ಒಂಬತ್ತಾಗಿದ್ದ ವರ್ಷ ಊರಿನ ಶಾಲೆಗೆ ಹೊಸ ಡ್ರಾಯಿಂಗ್ ಮಾಸ್ತರು ಬಂದರು, ಬಂದವರೇ ಹುಡುಗರ ಸ್ಕೌಟು ದಳ ಕಟ್ಟಿದರು. ಗಾಳಿ ಬೀಸಿದರೆ ಹಾರಿಹೋಗುವಷ್ಟು ತೆಳ್ಳಗಿನ ಮನುಷ್ಯ, ಆದರೆ ಸೀಟಿ ಊದಿದರೆ ರೈಲ್ವೆ ಸ್ಟೇಷನ್ನಿಗೂ ಕೇಳಿಸಬೇಕು. ನಮ್ಮಣ್ಣ ವೆಂಕು ಕೊರಳಿಗೆ ಸುತ್ತಿಕೊಂಡ ಹಳದಿ ಸ್ಕಾರ್ಫನ್ನು ಮಲಗುವಾಗಲೂ ಬಿಚ್ಚುತ್ತಿರಲಿಲ್ಲ. ತಿಂಗಳಿಗೊಂದು ಭಾನುವಾರ ಹುಡುಗರ ಮನೆಮಂದಿಯೆಲ್ಲ ಜೊತೆಗೆ ಬಂದು ಬಯಲಲ್ಲಿ ಉಂಡು ಆಡಬೇಕೆಂಬುದು ಮಾಸ್ತರರ ಹಟ. ಬರುವುದೇನೋ ಬರಬಹುದು, ಆದರೆ ಯಾರ ಕೈಯ ಅನ್ನ ಉಣ್ಣುವುದು? ಎಲ್ಲ ಜಾತಿಯ ಹುಡುಗರಿದ್ದ ದಳ ಅದು. ಮಾಸ್ತರು ನಮ್ಮ ಕಟ್ಟೆಯ ಮೇಲೆ ಕೂತು ತಲೆ ಕೆರೆದುಕೊಂಡರು. ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಂಡ ಅಜ್ಜಿ, "ನಮ್ಮ ಪದ್ದಿ ಮಡೀಲೆ ಮಾಡಿದ್ದು ಯಾರಿಗೆ ಬ್ಯಾಡ ಆಗ್ತದ ಹೇಳ್ರಿ? ಆಕೀನ್ನ ಕಳಸ್ತೀನಿ" ಎಂದಳು. ಮೊಮ್ಮಗನ ಹೊಟ್ಟೆಗೆ ಮೈಲಿಗೆ ತಗಲಬಾರದು, ತನ್ನ ಮನೆಯ ಮಡಿಯ ಹೆಸರು ಊರ ಬಾಯಲ್ಲಿರಬೇಕು, ಅಜ್ಜಿಯ ಲೆಕ್ಕ ಇಷ್ಟೇ. ಇಷ್ಟು ವರ್ಷ ಅತ್ತೆಯನ್ನು ಒಳಗೆ ಕೂಡಿಹಾಕಿದ್ದ ಮಡಿಯೇ ಹೀಗೆ ಬಾಗಿಲು ತೆಗೆಯಿತು. ಒಳಗೆ ರುಬ್ಬುವ ಕಲ್ಲಿನ ಸದ್ದು ಒಂದು ಗಳಿಗೆ ನಿಂತಿತು. ಆಮೇಲೆ ಎಷ್ಟು ಜೋರಾಗಿ ತಿರುಗಿತೆಂದರೆ ಹಿಟ್ಟು ಗೋಡೆಗೆಲ್ಲ ಸಿಡಿದಿತ್ತು.

ಮೊದಲು ಹೋದದ್ದು ಹಂಪಿಗೆ, ಎತ್ತಿನ ಗಾಡಿಗಳಲ್ಲಿ. ಬಜಾರಿನ ಕಲ್ಲುಮಂಟಪವೊಂದರಲ್ಲಿ ಒಲೆ ಹೂಡಿ, ಬಿಸಿಲೇರುವ ಮೊದಲೇ ಹುಳಿ, ಅನ್ನ, ಚಿತ್ರಾನ್ನ ಎಲ್ಲ ಮುಗಿಸಿ ಅತ್ತೆ ಕೈ ತೊಳೆದಳು. "ನಡಿಯೇ ಶಾಂತಿ" ಎಂದವಳೇ ಹೇಮಕೂಟದ ಬಂಡೆ ಹತ್ತತೊಡಗಿದಳು. ನಾನು ಹಿಂದೆ ಓಡಿದೆ, ಅಕ್ಷರಶಃ ಓಡಿದೆ. ಮೇಲೆ ನಿಂತು ನದಿ, ಬಾಳೆಯ ತೋಟ, ಆಚೆ ದಂಡೆಯ ಬೆಟ್ಟಗಳನ್ನು ನೋಡಿ, "ಇಷ್ಟು ದೊಡ್ಡದದ ಏನೇ? ನಮ್ಮ ಬೆಳಕಿಂಡಿ ಮ್ಯಾಲೆ ಇರೂದೂ ಇದೇ ಆಕಾಶೇನ?" ಎಂದಳು. ಊಟವಾದ ಮೇಲೆ ಹುಡುಗರಿಗೆ ಗುರುತಿನ ಆಟವಿತ್ತು. ಒಬ್ಬರು ಮುಂದೆ ಹೋಗಿ ನೆಲದ ಮೇಲೆ ಗುರುತು ಬರೆಯಬೇಕು, ಉಳಿದವರು ಅದನ್ನು ಓದಿ ಹುಡುಕಿಕೊಂಡು ಬರಬೇಕು. ಬಾಣವೆಂದರೆ ಈ ದಾರಿಯಲ್ಲಿ ಬಾ ಎಂದು. ದುಂಡನೆಯ ಸುತ್ತು, ಅದರ ನಡುವೆ ಚುಕ್ಕೆ ಇದ್ದರೆ ಆಟ ಮುಗಿಯಿತು, ನಾನು ಮನೆಗೆ ಹೋದೆ ಎಂದು. ಮಾಸ್ತರು ಸೀಮೆಸುಣ್ಣ ಮರೆತು ಬಂದಿದ್ದರು. ಪರಗಂಡಸರ ಜೊತೆ ನೇರ ಮಾತಾಡದ ಅತ್ತೆ ನನ್ನ ಕಡೆ ತಿರುಗಿ, "ಒಲಿಯೊಳಗ ಬೂದಿ ಅದ ಅಂತ ಮಾಸ್ತರಿಗೆ ಹೇಳು. ಬರಿಯಾಕ ನಾ ಹೋಗ್ತೀನಂತ ಹೇಳು" ಎಂದಳು. ಗಂಡ ಸತ್ತ ದಿನದಿಂದ ರಂಗೋಲಿ ಹಿಡಿಯದ ಕೈ ಅದು. ಬೂದಿಗೆ ಯಾರ ಅಡ್ಡಿಯೂ ಇರಲಿಲ್ಲ. ತೆಂಗಿನ ಚಿಪ್ಪಿನ ತುಂಬ ಬೂದಿ ತುಂಬಿಕೊಂಡು, ಬಂಡೆಯಿಂದ ಬಂಡೆಗೆ ಬಾಣ ಬರೆಯುತ್ತ ಹೋದ ಪದ್ದತ್ತಿಯನ್ನು ಹುಡುಕಿ ಹುಡುಗರು ಸುಸ್ತಾದರು.

ಆಮೇಲೆ ಗುರುತು ಬರೆಯುವ ಕೆಲಸ ಆಕೆಯದೇ ಆಯಿತು. ಒಂದು ತಿಂಗಳ ಭಾನುವಾರ ರೈಲು ಹತ್ತಿ ಸಂಡೂರಿನ ಕಡೆ ಹೋಗಿ ಯಶವಂತನಗರದ ಹತ್ತಿರದ ಕಾಡಿನಲ್ಲಿ ಇಡೀ ಮಧ್ಯಾಹ್ನ ಅಲೆದೆವು. ಅಲ್ಲಿಯ ಮಣ್ಣು ಕುಂಕುಮದ ಹಾಗೆ ಕೆಂಪು. ಆ ಕೆಂಪಿನಲ್ಲಿ ಕೆಂಪು ಸೀರೆಯವಳು ಯಾರ ಕಣ್ಣಿಗೂ ಬೀಳಲಿಲ್ಲ, ಕೊನೆಗೆ ಆಕೆಯೇ ನಗುತ್ತ ಹೊರಗೆ ಬರಬೇಕಾಯಿತು. ಮನೆಗೆ ಬಂದ ಮೇಲೆ ಅಜ್ಜಿ ಎರಡು ಸಲ ಗದರುವವರೆಗೂ ಅತ್ತೆ ಪಾದ ತೊಳೆಯಲಿಲ್ಲ. ಬಾವಿಕಟ್ಟೆಯ ಮೇಲೆ ಕೂತು, ಕಾಲು ಚಾಚಿ, ಆ ಕೆಂಪು ಧೂಳನ್ನು ನೋಡುತ್ತಿದ್ದಳು. ಮುಂದಿನ ಭಾನುವಾರ ಯಾವಾಗ ಎಂದು ನನ್ನನ್ನು ದಿನವೂ ಕೇಳುತ್ತಿದ್ದಳು. ನಾನೂ ಅದೇ ಹುಚ್ಚಿನಲ್ಲಿದ್ದೆ, ಏಕೆಂದರೆ ಹುಡುಗಿಯರಿಗೆ ದಳವಿರಲಿಲ್ಲ. ನಾನು ಹೊರಗೆ ಕಾಲಿಡುತ್ತಿದ್ದದ್ದೂ ಆಕೆಯ ಸೆರಗು ಹಿಡಿದೇ.

ಒಂದು ವರ್ಷ ಜೊತೆಯಲ್ಲಿ ಉಂಡು ಎಲ್ಲರ ಬಿಗುವೂ ಸ್ವಲ್ಪ ಸಡಿಲಿತ್ತು. ಬೇರೆ ಬೇರೆ ಕೂರುತ್ತಿದ್ದ ಪಂಕ್ತಿಗಳು ತಿಂಗಳಿಂದ ತಿಂಗಳಿಗೆ ಹತ್ತಿರ ಸರಿದವು. ಮಾಸ್ತರು ಅದಕ್ಕಾಗಿಯೇ ಕಾಯುತ್ತಿದ್ದರು. ಒಂದು ದಿನ ನಮ್ಮ ಕಟ್ಟೆಗೆ ಬಂದು ಸಂತೋಷದಿಂದ ಹೇಳಿದರು: "ಇನ್ನ ಮ್ಯಾಲೆ ಹುಡುಗರೇ ಅಡಿಗಿ ಮಾಡ್ತಾರ್ರಿ, ಎಲ್ಲಾರೂ ಒಂದೇ ಸಾಲಿನ್ಯಾಗ ಉಣ್ತಾರ. ಅಮ್ಮನವರು ನಮಗಾಗಿ ಭಾಳ ತ್ರಾಸ ಪಟ್ಟಾರ, ಇನ್ನರ ಆರಾಮ ಮನ್ಯಾಗ ಕುಂದ್ರಲಿ. ಈ ತಿಂಗಳು ಕಂಪ್ಲಿಗೆ ಹೋಗೂದ್ರೊಳಗ ಹುಡುಗರಿಗೆ ಒಂದಿಷ್ಟು ಕಲಿಸಿಕೊಟ್ರ ಸಾಕು." ಅಷ್ಟು ಒಳ್ಳೆಯ ಮನುಷ್ಯನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಅವರು ಮಾಡಿದ್ದು ಸರಿ ಎಂದು ಗೊತ್ತಿದ್ದೂ ಸಿಟ್ಟಿದೆ.

ಹಿತ್ತಿಲಲ್ಲಿ ಪಾಠ ಶುರುವಾಯಿತು. ಎಸರಿಗೆ ಎಷ್ಟು ನೀರು, ಒಲೆಯಿಂದ ಕಟ್ಟಿಗೆ ಯಾವಾಗ ಹಿಂದೆಳೆಯಬೇಕು, ಎಲ್ಲವನ್ನೂ ಅತ್ತೆ ದೂರದಿಂದಲೇ ಬೆರಳು ತೋರಿಸಿ ಕಲಿಸಿದಳು. ನಾನು ಕಿವಿಯಲ್ಲಿ ಹೇಳಿದೆ: "ಅತ್ತಿ, ಬೇಕಂತ ತಪ್ಪು ಹೇಳಿಕೊಡು. ಅನ್ನ ಮುದ್ದಿ ಆದ್ರ ಮತ್ತ ನಿನ್ನೇ ಕರೀತಾರ." ಆಕೆ ಸೌಟು ಕೆಳಗಿಟ್ಟು ನನ್ನ ಮುಖ ನೋಡಿದಳು. "ಹಸಿದ ಹೊಟ್ಟಿಗೆ ಮೋಸ ಮಾಡಿ ನಾ ಯಾವ ಗುಡ್ಡ ಹತ್ಲೇ?" ಎಂದಳು. ಮತ್ತೆ ವೆಂಕುವನ್ನು ಕರೆದು ಬೇಳೆಗೆ ಅರಿಶಿನ ಹಾಕುವುದನ್ನು ಇನ್ನೊಮ್ಮೆ ತೋರಿಸಿದಳು.

ಕಂಪ್ಲಿಯಲ್ಲಿ ಕೋಟೆಯ ಕೆಳಗೆ, ಹೊಳೆಯ ದಂಡೆಯಲ್ಲಿ ಹುಡುಗರು ಒಲೆ ಹಚ್ಚಿದರು. ಮೊದಲ ಸಲವೆಂದು, ತಪ್ಪಿದರೆ ತಿದ್ದಲು ಅತ್ತೆಯನ್ನೂ ಕರೆದೊಯ್ದಿದ್ದರು. ಅನ್ನ ಸೀಯಲಿ ಎಂದು ನಾನು ಗೊತ್ತಿದ್ದ ದೇವರಿಗೆಲ್ಲ ಹರಕೆ ಹೊತ್ತೆ. ಸೀಯಲಿಲ್ಲ, ಅಗುಳು ಅಗುಳು ಬಿಡಿಯಾಗಿ ಬಂತು. ಒಂದೇ ಸಾಲಿನಲ್ಲಿ ಎಲೆ ಹಾಕಿ ಕೂತ ಹುಡುಗರನ್ನು ಕಂಡು ಮಾಸ್ತರರ ಕಣ್ಣು ತುಂಬಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಅತ್ತೆಗೂ ಖುಷಿಯಾಯಿತು, ಸುಳ್ಳಲ್ಲ. ಆದರೆ ಮಾಡಲು ಕೆಲಸವಿಲ್ಲದೆ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಆ ಮರಳಿನ ಮೇಲೆ ಆ ತುದಿಯಿಂದ ಈ ತುದಿಗೆ, ಈ ತುದಿಯಿಂದ ಆ ತುದಿಗೆ ನಡೆಯುತ್ತಲೇ ಇದ್ದಳು. ವಾಪಸು ಬರುವಾಗ ಗಾಡಿಯಲ್ಲಿ ನಮಗೆಲ್ಲ ಬೆನ್ನು ಮಾಡಿ, ಹಿಂದೆ ಸರಿಯುವ ದಾರಿಯ ಕಡೆ ಮುಖ ಮಾಡಿ ಕೂತಳು.

ಮುಂದಿನ ತಿಂಗಳು ಮತ್ತೆ ಹಂಪಿ. "ಅತ್ತಿನೂ ಬರ್ಲಿ" ಎಂದು ನಾನು ರಂಪ ಮಾಡಿದೆ. "ಯಾತಕ್ಕ? ಅಡಿಗಿ ಹುಡುಗರು ಮಾಡ್ತಾರಲ್ಲ. ಮಡಿಹೆಂಗಸು ಗುಡ್ಡ ನೋಡಾಕ ಹೋಗ್ತಾಳೇನು?" ಎಂದಳು ಅಜ್ಜಿ. ಅಪ್ಪ ಕೋಟಿನ ಗುಂಡಿ ಹಾಕಿಕೊಳ್ಳುತ್ತ ನಿಂತುಬಿಟ್ಟರು. ಅತ್ತೆ ನನ್ನ ಜಡೆಯನ್ನು ಬಿಗಿಯಾಗಿ ಹೆಣೆದು ಅಪ್ಪನ ಜೊತೆ ಕಳಿಸಿದಳು.

ಸಂಜೆ ಬಂದು ನಾನೂ ವೆಂಕುವೂ ಎಲ್ಲರಿಗಿಂತ ಮೊದಲು ಒಳಗೆ ನುಗ್ಗಿದೆವು. ಹೊಸ್ತಿಲ ಒಳಮಗ್ಗುಲಲ್ಲೇ ನೆಲದ ಮೇಲೆ ಬೂದಿಯ ಸುತ್ತು, ನಡುವೆ ಚುಕ್ಕೆ. ಪಡಸಾಲೆಯಲ್ಲಿ ಒಂದು ಬಾಣ, ಹಜಾರದ ಕಂಬದ ಹತ್ತಿರ ಒಂದು, ಅಡಿಗೆಮನೆಯ ಬಾಗಿಲಲ್ಲಿ ಒಂದು. ಎಲ್ಲವೂ ಹೊರಬಾಗಿಲ ಕಡೆಗೇ ಮುಖ ಮಾಡಿದ್ದವು. ಒಲೆಯಿಂದ ಹೊರಟವಳು ಹೊಸ್ತಿಲವರೆಗೆ ನಡೆದು ಅಲ್ಲಿಗೆ ಆಟ ಮುಗಿಸಿದ್ದಳು. ವೆಂಕು ಓದಿಕೊಂಡ. ಕೊರಳಿನ ಸ್ಕಾರ್ಫು ಬಿಚ್ಚಿ ಮುಷ್ಟಿಯಲ್ಲಿ ಹಿಡಿದು ನಿಂತ. ಅಷ್ಟರಲ್ಲಿ ಅಜ್ಜಿ ಬಂದು, "ಮನಿತುಂಬ ಬೂದಿ ಚೆಲ್ಯಾಡಿದವರು ಯಾರೇ?" ಎನ್ನುತ್ತ ಸಾರಿಸುವ ಅರಿವೆ ತಂದು ಒಂದೊಂದಾಗಿ ಒರೆಸಿದಳು. "ಕೈಕಾಲು ತೊಳ್ಕೊಂಡು ಬರ್ರಿ, ಅವಲಕ್ಕಿ ಹಚ್ಚೀನಿ" ಎಂದು ಒಳಗಿನಿಂದ ಅತ್ತೆಯ ದನಿ ಬಂತು.

ಮಾಸ್ತರಿಗೆ ವರ್ಗವಾಯಿತು, ದಳ ಚದುರಿತು. ನನ್ನ ಗಂಡನಿಗೆ ರೈಲ್ವೆಯಲ್ಲಿ ಕೆಲಸ, ನಾನು ಊರೂರು ಸುತ್ತಿದೆ. ಪ್ರತಿ ಸಲ ರೈಲು ಹೊರಟಾಗಲೂ ಅನಿಸುತ್ತಿತ್ತು, ಈ ಕಿಟಕಿ ಆಕೆಯದಾಗಬೇಕಿತ್ತು ಎಂದು. ಪದ್ದತ್ತಿ ಅದೇ ಬೆಳಕಿಂಡಿಯ ಕೆಳಗೆ ಮುದುಕಿಯಾಗಿ ತೀರಿಕೊಂಡಳು. ಈಗ ಆ ಮನೆ ಇಲ್ಲ. ಆ ಜಾಗದಲ್ಲಿ ಲಾಡ್ಜು ಎದ್ದಿದೆ, ಹಂಪಿ ನೋಡಲು ಬಂದವರು ಅಲ್ಲಿ ಇಳಿದುಕೊಳ್ಳುತ್ತಾರೆ.

ಕಡ್ಡಿರಾಂಪುರದ ಯಾತ್ರೆಯವರು ಉಂಡು, ಒಲೆಗೆ ನೀರು ಚಿಮುಕಿಸಿ, ಪಾತ್ರೆ ಕಟ್ಟಿಕೊಂಡು ಹೊರಟುಹೋದರು. ನಾನು ಒದ್ದೆಯಾಗದೆ ಉಳಿದಿದ್ದ ಬೂದಿಯನ್ನು ಒಂದು ಹಿಡಿ ತೆಗೆದುಕೊಂಡು, ಮಂಡಿ ನೋಯುತ್ತಿದ್ದರೂ ಬಗ್ಗಿ, ಪಕ್ಕದ ಬಂಡೆಯ ಮೇಲೆ ಹಂಪಿಯ ಕಡೆಗೆ ಒಂದು ಬಾಣ ಬರೆದೆ. "ಅದೇನಜ್ಜಿ?" ಎಂದ ಮೊಮ್ಮಗ. ಸುತ್ತನ್ನೂ ಚುಕ್ಕೆಯನ್ನೂ ಬರೆಯದೆ, ಕೈ ಝಾಡಿಸಿಕೊಂಡು ಕಾರು ಹತ್ತಿದೆ.