ಮೇಲೊಂದು ಗರಿ, ಕೆಳಗೊಂದು ಮರಿ

ನನಗೆ ಆಗ ಇಪ್ಪತ್ತೊಂದು. ಅರವತ್ತು ವರ್ಷದ ಹಿಂದಿನ ಮಾತು. ನನ್ನ ಮಾವನ ಹೆಬ್ಬೆರಳಿನ ಉಗುರು ನಡುವೆ ಸೀಳಿ ಹಾಗೇ ಬೆಳೆದಿತ್ತು. ಆ ಸೀಳಿಗೆ ನೂಲು ಸಿಕ್ಕಿಸಿಕೊಂಡು, ಕಡಲೆಕಾಳಿನಷ್ಟು ಸಣ್ಣ ಗಾಳದ ಕೊಕ್ಕೆಗೆ ಹುಂಜದ ಗರಿ ಸುತ್ತುತ್ತಿದ್ದರು.

ಕುಂದಾಪುರದಿಂದ ಘಟ್ಟ ಹತ್ತಿ, ಕಾಫಿತೋಟದ ಬಿಳಿ ದೊರೆಯ ಮೀನಿನ ಚೀಲ ಹೊತ್ತವರು. ಈ ಗರಿಗಾಳ ಕಲಿತದ್ದು ಅಲ್ಲಿ. ದೊರೆ ಸೀಮೆಗೆ ಹೋಗುವಾಗ ತನ್ನ ಬಿದಿರಿನ ಗಾಳದ ಕೋಲು ಇವರಿಗೆ ಬಿಟ್ಟ. ಅತ್ತೆ ಸತ್ತ ಮೇಲೆ ಆ ಕೋಲು ಹಿಡಿದುಕೊಂಡು ದೂರದ ಗುಜರಾತಿನ ಮಣಿನಗರಕ್ಕೆ, ನಮ್ಮ ಒಂದೇ ಕೋಣೆಗೆ ಬಂದರು. ನಮ್ಮವರು ಅಲ್ಲಿಯ ಒಂದು ಉಡುಪಿ ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದರು.

ಮನೆ ಒಡತಿ ಗುಜರಾತಿ ಮುದುಕಿ. ಮೀನು ಒಳಗೆ ಬಂದರೆ ನಾವು ಹೊರಗೆ. ಹಾಗಾಗಿ ಮಾವ ಚಂಡೋಳಾ ಕೆರೆಯಲ್ಲಿ ಹಿಡಿದದ್ದನ್ನು ಅಲ್ಲೇ ಬಿಟ್ಟು ಬರುತ್ತಿದ್ದರು. ಆದರೂ ಮುದುಕಿ ಮೆಟ್ಟಿಲಲ್ಲಿ ತಡೆಯುತ್ತಿದ್ದಳು. "ಹಾಥ್ ದಿಖಾವೊ, ಕಾಕಾ." ಕೈ ಮೂಸಿಯೇ ಬಿಡುತ್ತಿದ್ದಳು. ಮಾವ ಬೇವಿನ ಸೊಪ್ಪು ಉಜ್ಜಿಕೊಂಡು ಬರುತ್ತಿದ್ದರು.

ಆ ವರ್ಷ ನನ್ನ ಕೂಸು ಹುಟ್ಟಿ ತಿಂಗಳು ತುಂಬುವ ಮೊದಲೇ ಹೋಯಿತು. ಅಳು ಬರಲಿಲ್ಲ. ಮಾತೂ ಬರಲಿಲ್ಲ. ಬೇಯಿಸುತ್ತಿದ್ದೆ, ಗುಡಿಸುತ್ತಿದ್ದೆ, ಕರೆದರೆ ತಿರುಗುತ್ತಿದ್ದೆ. ಅಷ್ಟೇ. ಕೆಲವು ತಿಂಗಳು ಕಂಡು ನಮ್ಮವರು, "ಇವ್ಳನ್ನ್ ತವರಿಗೆ ಬಿಟ್ ಬತ್ತೆ" ಎಂದರು. ಹಾಗೆ ಬಿಟ್ಟು ಬಂದವಳನ್ನು ಮತ್ತೆ ಯಾರೂ ಕರೆಸುವುದಿಲ್ಲ. ನನಗೆ ಗೊತ್ತಿತ್ತು. ಆದರೂ ಗುಡಿಸುತ್ತಲೇ ಇದ್ದೆ.

ಮಾವ ಕೋಲು ಕೈಗೆತ್ತಿಕೊಂಡರು. ನನಗೆ, "ಹೆಣ್ಣೇ, ನಡಿ. ನಂಗೆ ಗರಿ ಕಾಂತಿಲ್ಲ" ಎಂದರು. ಕಣ್ಣಿಗೆ ಪೊರೆ ಬಂದದ್ದು ನಿಜವೇ.

ಕೆರೆ ದಡದಲ್ಲಿ ತೋರಿಸಿದರು. ತೆಂಗಿನೆಣ್ಣೆ ಸವರಿದ ಗರಿ ನೀರ ಮೇಲೆ ತೇಲುತ್ತದೆ. ಅದರ ಕೊಕ್ಕೆಯಿಂದ ಮೊಳದುದ್ದದ ಎಳೆ; ಎಳೆಯ ತುದಿಗೆ ತಾಮ್ರದ ತಂತಿ ಸುತ್ತಿದ ಇನ್ನೊಂದು ಕೊಕ್ಕೆ, ಅದು ಮುಳುಗುತ್ತದೆ.

"ಮೇಲಿನ್ ಗರಿ ರೆಕ್ಕೆ ಬಂದ ಹುಳ. ಅಡಿದ್ ರೆಕ್ಕೆ ಬಾರದ ಮರಿ. ಮೀನ್ ತಿಂಬುದ್ ಹೆಚ್ಚಾಯಿ ಮರಿನೇ..." ಎಂದವರು ತಟ್ಟನೆ ಗರಿಗೆ ಎಣ್ಣೆ ಸವರತೊಡಗಿದರು. ಸವರುತ್ತಲೇ, "ಅಡಿದಕ್ಕೆ ಮೀನ್ ಕಚ್ಚಿ ಮೇಲಿನ್ ಗರಿ ನಿಂತ್ರೆ ಹೇಳ್. ನೀ ಹೇಳದಿದ್ರೆ ಮೀನ್ ಹೋಯ್ತ್" ಎಂದರು.

ನಾನು ಹೇಳಲಿಲ್ಲ. ಮೀನು ಹೋಯಿತು. ಮಾವ ಬೈಯಲಿಲ್ಲ. ಗರಿ ಒಣಗಿಸಿ ಮತ್ತೆ ಎಸೆದರು. ಹಲವು ಭಾನುವಾರ ಹೀಗೇ. ನಮ್ಮವರು ಊರಿಗೆ ಟಿಕೇಟು ಮಾಡಿಸುವ ಮಾತು ತೆಗೆದಿದ್ದರು. ಆಮೇಲೊಂದು ದಿನ ಗಾಳಿಗೆ ಸರಿಯುತ್ತಿದ್ದ ಗರಿ ತಟ್ಟನೆ ತಡೆಯಿತು.

"ನಿಂತ್ತ್!" ಎಂದೆ. ಕಾಗೆ ದನಿ.

ಮಾವ ಕೋಲೆತ್ತಿದರು. ಗೇಣುದ್ದದ ಬಿಳಿ ಮೀನು. ಕೈ ಒದ್ದೆ ಮಾಡಿಕೊಂಡು ಬಿಡಿಸಿ ನೀರಿಗೆ ಬಿಟ್ಟರು. ನನ್ನ ಕಡೆ ನೋಡಲಿಲ್ಲ.

ಮನೆಗೆ ಬಂದು ಮಗನಿಗೆ, "ಟಿಕೇಟ್ ಬೇಡ. ಇವ್ಳ್ ಹೋದ್ರೆ ನಂಗೆ ಕಣ್ಣ್ ಯಾರ್?" ಎಂದರು.

"ಅಪ್ಪಯ್ಯಂಗೆ ಕಣ್ಣಾಯ್ತ್. ನಂಗೆಂತ?"

"ನಿಂಗೆ ಬಾಯಿ ಇತ್ತಲ್ದಾ, ಸಾಕ್."

ನಾನು ಉಳಿದೆ. ಎರಡು ವರ್ಷ ಕಳೆದು ಒಂದು ಮಧ್ಯಾಹ್ನ ಊಟಕ್ಕೆ ಕರೆದರೆ ಮಾವ ಏಳಲಿಲ್ಲ. ಆಗಲೂ ನನಗೆ ಅಳು ಬರಲಿಲ್ಲ. ಮರುದಿನ ಬೆಳಿಗ್ಗೆ ನಮ್ಮವರು ಗೋಡೆಗೆ ಮುಖ ಮಾಡಿ ಕುಳಿತಿದ್ದರು, ಮಾತಿಲ್ಲ. ಕೆಲಸ ಹೋದೀತೆಂದು ನಾನೇ ಹೋಟೆಲಿಗೆ ನಡೆದೆ. ಸೂತಕ, ಒಳಗೆ ಕಾಲಿಡುವಂತಿಲ್ಲ. ರಸ್ತೆಯಲ್ಲೇ ನಿಂತು, ಗಲ್ಲಾದಲ್ಲಿ ಕುಳಿತ ಧಣಿಗೆ ಕೇಳುವ ಹಾಗೆ, ಇವರು ಹದಿಮೂರು ದಿನ ಬರುವುದಿಲ್ಲ, ಜಾಗ ಬೇರೆಯವರಿಗೆ ಕೊಡಬೇಡಿ ಎಂದು ಕೂಗಿ ಹೇಳಿದೆ.