ಚನ್ನವ್ವನ ಸೂರು ಇಳಿಸಿದವಳು

ಇಂಗಳೇಶ್ವರದ ರೇವವ್ವ ಬಾಳೆಲ್ಲ ಗೀಗೀ ಮೇಳದಲ್ಲಿ ಹಿಂದೆ ನಿಂತು ಹಾಡಿದವಳು. ಮುಂದೆ ಚನ್ನವ್ವ ದಪ್ಪು ಬಡಿಯುತ್ತ ನುಡಿ ಎತ್ತಿದರೆ, ಅದರ ತುದಿ ಹಿಡಿದು ‘ಗೀಯ ಗೀಯ’ ಎನ್ನುವುದು ಇವಳ ಪಾಲು. ಚನ್ನವ್ವ ತೀರಿಕೊಂಡಳು, ಇವಳ ಬಾಯಿ ಕಟ್ಟಿತು. ಹಾಡೆಂದು ಯಾರಾದರೂ ಕೇಳಿದರೆ, “ಮುಂದ ಯಾರೂ ಇಲ್ಲಂದ್ರ ಹಿಂದ ಹ್ಯಾಂಗ ನಿಂದರ್ಲಿ?” ಎನ್ನುವಳು.

ಉಳಿದದ್ದು ಒಂದು ಗಾನತಟ್ಟೆ. ಹರೆಯದಲ್ಲಿ ರೆಕಾರ್ಡ್ ಕಂಪನಿಯವರು ಇಬ್ಬರನ್ನೂ ಹುಬ್ಬಳ್ಳಿಗೆ ಕರೆಸಿ ಹಾಡಿಸಿದ್ದು. ಅದರ ಹಿಂದೆ ನಿಂತಾದರೂ ಇನ್ನೊಮ್ಮೆ ಹಾಡಬೇಕೆಂಬ ಆಸೆ. ತಟ್ಟೆಯನ್ನು ಹಳೆ ಸೀರೆಯಲ್ಲಿ ಸುತ್ತಿಕೊಂಡು ಅದನ್ನು ನುಡಿಸುವ ಯಂತ್ರ ಕೊಳ್ಳಲು ಬಸ್ಸು ಹತ್ತಿ ಬಸವನ ಬಾಗೇವಾಡಿಗೆ ಬಂದಳು. ಅಲ್ಲಿ ಸಿದ್ರಾಮನದು ಮೈಕ್ ಸೆಟ್ಟಿನ ಅಂಗಡಿ.

ಸಿದ್ರಾಮ ಹೊಸದೊಂದು ನೀಲಿ ಟರ್ನ್‌ಟೇಬಲ್ ತೆಗೆದ. “ಸೂಟ್‌ಕೇಸ್ ಇದ್ದಂಗ ಐತ್ರಿ ಆಯಿ. ಬೀಗರ ಮನಿಗೂ ಒಯ್ಯಾಕ ಬರತೈತಿ.”

“ಬೀಗರು ಊರು ಬಿಟ್ಟು ಓಡ್ತಾರ. ಹಚ್ಚು, ನೋಡೂನು.”

ಮುಳ್ಳು ಇಳಿಯಿತು. ಚನ್ನವ್ವನ ದನಿ ಕವಣೆಯ ಕಲ್ಲಿನಂತೆ ಮೇಲೆ ಹಾರಿತು. ರೇವವ್ವ ಬಾಯಿ ತೆರೆದಳು. ದನಿ ಅರ್ಧದಲ್ಲೇ ಒಡೆಯಿತು. ಇವಳಿಗೆ ವಯಸ್ಸಾಗಿತ್ತು, ತಟ್ಟೆಯೊಳಗಿನ ಚನ್ನವ್ವನಿಗೆ ಆಗಿರಲಿಲ್ಲ.

“ಇಳಿಸೋ ತಮ್ಮಾ.”

“ಸೌಂಡ್ ಏನ್ರಿ?”

“ನಾ ಏನ್ ಕಿವುಡಿ ಏನೋ? ಸೂರು ಇಳಿಸು, ಶ್ರುತಿ.”

“ಇದರಾಗ ಆಗಂಗಿಲ್ರಿ.” ತುಸು ಯೋಚಿಸಿ, ಸೊಲ್ಲಾಪುರದ ಡಿಜೆಯೊಬ್ಬನಿಂದ ಕೊಂಡ ಹಳೆಯ ಯಂತ್ರವನ್ನು ಒಳಗಿನಿಂದ ಹೊತ್ತು ತಂದ. “ನೋಡಾಕ ಚಂದಿಲ್ರಿ. ಖರೇ ಈ ಗುಂಡಿ ಸರಿಸಿದ್ರ ತಟ್ಟಿ ನಿಧಾನ ತಿರಗತೈತಿ, ಸೂರೂ ಇಳೀತೈತಿ.”

ರೇವವ್ವನ ಕೈ ಗುಂಡಿಯ ಹತ್ತಿರ ಹೋಗಿ ನಿಂತಿತು. ಸೂರು ಹಿಡಿಯುವವಳು ಮುಂದಿನವಳು, ಹಿಂದಿನವರು ಏರಬೇಕು. ಇಳಿ ಎನ್ನುವ ಪದ್ಧತಿ ಮೇಳದಲ್ಲಿಲ್ಲ. ಒಮ್ಮೆ ತನಗೆ ನೆಗಡಿಯಾದಾಗ ಹಾಗೆ ಕೇಳಿದ್ದಕ್ಕೆ ಚನ್ನವ್ವ, “ಏರಾಕ ಆಗದಿದ್ರ ಮನ್ಯಾಗ ರೊಟ್ಟಿ ಬಡಿ ಹೋಗ” ಎಂದು ಎಲ್ಲರೆದುರು ಅಂದುಬಿಟ್ಟಿದ್ದಳು.

“ತಪ್ಪ ತಿಳೀಬ್ಯಾಡ ಅಕ್ಕಾ” ಎನ್ನುತ್ತ ರೇವವ್ವ ಗುಂಡಿ ಸರಿಸಿದಳು.

ದನಿ ತೂಗಿ ಕೆಳಗಿಳಿಯಿತು. ಚನ್ನವ್ವ ಈಗ ಮುದುಕಿಯಾದಳು. ನುಡಿಯ ತುದಿಗೆ ರೇವವ್ವನ ‘ಗೀಯ ಗೀಯ’ ತಾನಾಗಿ ಹೋಗಿ ಕೂತಿತು. ತಟ್ಟೆಯೊಳಗಿದ್ದ ಅವಳದೇ ಹರೆಯದ ದನಿಯೂ ಅದರಲ್ಲಿ ಕರಗಿತು. ಸಿದ್ರಾಮ ಕೈಯಲ್ಲಿನ ವೈರು ಹಾಗೇ ಹಿಡಿದು ನಿಂತ.

ಪದ ಮುಗಿಯಿತು. ಮುಂದಿನದು ಯಾವುದೆಂದು ಚನ್ನವ್ವನನ್ನು ಕಣ್ಣಲ್ಲೇ ಕೇಳಲು ರೇವವ್ವ ರೂಢಿಯಂತೆ ಎಡಗಡೆ ಮುಂದಕ್ಕೆ ಹೊರಳಿದಳು. ಅಲ್ಲಿ ಸ್ಪೀಕರುಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದರು.

ತಟ್ಟೆಯನ್ನು ಮತ್ತೆ ಸೀರೆಯಲ್ಲಿ ಸುತ್ತುತ್ತ, ಹಳೆಯ ಯಂತ್ರದತ್ತ ತೋರಿಸಿ, “ಇದನ್ನ ಕಟ್ಟು” ಎಂದಳು.

“ನೀಲೀದು ಚಂದ ಇತ್ತಲ್ರಿ ಆಯಿ?”

“ಚಂದ ತಗೊಂಡು ಯಾರಿಗಿ ತೋರಸ್ಲಿ?”