ಬದಲಿ ಮೋಟರ್ ಕೊಟ್ಟು ಕಳ್ಳನೆನಿಸಿಕೊಂಡವನು

2025ರ ಫೆಬ್ರವರಿ. ನಾನು ವಕೀಲಿ ವೃತ್ತಿಗೆ ಬಂದು ಇಪ್ಪತ್ತೆರಡು ವರ್ಷವಾಗಿತ್ತು. ಸೊರಬದಲ್ಲಿ ಕಚೇರಿ, ವಾರಕ್ಕೆರಡು ದಿನ ಶಿಕಾರಿಪುರದ ನ್ಯಾಯಾಲಯ. ಹಳೆಯ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದು ಏಳೆಂಟು ತಿಂಗಳಾಗಿದ್ದ ಕಾಲ. ವಕೀಲರು, ಪೊಲೀಸರು ಎಲ್ಲರೂ ಹೊಸ ಸೆಕ್ಷನ್ ನಂಬರುಗಳನ್ನು ಬಾಯಿಪಾಠ ಮಾಡುತ್ತಿದ್ದೆವು. ನಾನು ಹೊಸಬಾಳೆಯವಳು. ಅಮ್ಮನ ಜೊತೆ ಆನವಟ್ಟಿ ಸಂತೆಯಲ್ಲಿ ಬದನೆ, ಮೆಣಸಿನಕಾಯಿ ಮಾರಿ ಓದಿದವಳು. ಚೌಕಾಸಿ ನನಗೆ ಕಾನೂನಿಗಿಂತ ಮೊದಲು ಬಂದ ವಿದ್ಯೆ. ಜಗಳಗಳನ್ನು ಕೋರ್ಟಿಗೆ ಹತ್ತಿಸುವುದಕ್ಕಿಂತ ಹೊರಗೇ ಕೂರಿಸಿ ಮುರಿಯುವವಳು ಎಂಬ ಹೆಸರಿತ್ತು. ಆ ಹೆಸರಿನ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು.

ಒಂದು ಮಧ್ಯಾಹ್ನ ಮೂರರ ಹೊತ್ತಿಗೆ ಆನವಟ್ಟಿಯಿಂದ ಹಸೀನಾಬಿ ಫೋನ್ ಮಾಡಿದರು. ಅವರ ಗಂಡ ಮೆಹಬೂಬ್ ಸಾಬರದು ಅಲ್ಲಿ ಪಂಪ್‌ಸೆಟ್ ಮೋಟರ್ ವೈಂಡಿಂಗ್ ಅಂಗಡಿ. ಸುಟ್ಟ ಮೋಟರಿನ ಒಳಗಿನ ತಾಮ್ರದ ತಂತಿ ಕಿತ್ತು, ಹೊಸದಾಗಿ ಸುತ್ತಿ ಕೊಡುವ ಕೆಲಸ. ಮೂವತ್ತು ವರ್ಷದ ಅಂಗಡಿ.

"ಅಕ್ಕಾ, ಸುಮ್ನೆ ಬಂದು ಹೋಗು ಅಂತ ಸ್ಟೇಷನ್ನಿಂದ ಫೋನ್ ಬಂತು. ಬೆಳಿಗ್ಗೆ ಒಂಬತ್ತಕ್ಕೆ ಹೋದೋರು ಇನ್ನೂ ಬಂದಿಲ್ಲ. ಫೋನು ಇಸ್ಕಂಡು ಇಟ್ಕಂಡಾರಂತೆ."

ಠಾಣೆ ಶಿಕಾರಿಪುರ ತಾಲ್ಲೂಕಿನದು. ನಾನು ಹೋದಾಗ ಮೆಹಬೂಬ್ ಸಾಬರು ಗೋಡೆಗೆ ಒರಗಿಸಿದ ಬೆಂಚಿನ ಮೇಲೆ ಕೂತಿದ್ದರು. ಊಟ ಆಗಿರಲಿಲ್ಲ. ಸಬ್ ಇನ್‌ಸ್ಪೆಕ್ಟರ್ ನನ್ನನ್ನು ಕೂರಲು ಹೇಳಲಿಲ್ಲ. ನಾನೇ ಕುರ್ಚಿ ಎಳೆದುಕೊಂಡೆ.

"ಅರೆಸ್ಟ್ ಮಾಡಿದ್ದೀರಾ ಸಾರ್?"

"ಅರೆಸ್ಟ್ ಎಲ್ಲಿ ಮಾಡಿದೀವಿ ಮೇಡಂ? ಸುಮ್ನೆ ಕೂರ್ಸಿದೀವಿ."

"ಸುಮ್ನೆ ಕೂತವರು ಎದ್ದು ಹೋಗಬಹುದಲ್ಲ. ಸಾಬ್ರೇ, ಏಳಿ, ಹೋಗೋಣ."

"ಅದು ಹೆಂಗೆ ಹೋಗ್ತಾನೆ? ವಿಚಾರಣೆ ಮುಗೀಬೇಕು."

"ಹೋಗೋ ಹಾಗಿಲ್ಲ ಅಂದಮೇಲೆ ಅದು ಅರೆಸ್ಟೇ. ಕಾರಣ ಬರೆದು ಕೊಡಿ, ಮನೆಯವರಿಗೆ ತಿಳಿಸಿ. ಬೆಳಿಗ್ಗೆ ಒಂಬತ್ತರಿಂದ ಇಪ್ಪತ್ನಾಲ್ಕು ಗಂಟೆ ಎಣಿಸಿ, ಅಷ್ಟರೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಿ. ಬೇಡ ಅಂದ್ರೆ ನೋಟಿಸ್ ಕೊಟ್ಟು ಕಳಿಸಿ. ಯಾವುದಾದ್ರೂ ಒಂದು."

"ನಮಗೇ ಕಾನೂನು ಹೇಳ್ಕೊಡೋಕೆ ಬಂದ್ರಾ?"

"ಹೊಸ ಕಾನೂನು ಸಾರ್. ನಾನೂ ಈಗ್ಲೇ ಕಲೀತಿರೋದು."

ಓದುಗರಿಗೆ ಇಲ್ಲಿ ಒಂದು ಮಾತು. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಪೊಲೀಸರು ಎಲ್ಲರನ್ನೂ ಹಿಡಿದು ಒಳಗೆ ಹಾಕಲೇಬೇಕೆಂದಿಲ್ಲ. ಹಳೆಯ ಸಿಆರ್‌ಪಿಸಿಯ ಜಾಗಕ್ಕೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 35(3)ರ ಪ್ರಕಾರ ಇಂಥ ದಿನ ಬಂದು ಉತ್ತರ ಕೊಡಿ ಎಂದು ನೋಟಿಸ್ ಕೊಡಬಹುದು. ಕರೆದಾಗ ಹಾಜರಾಗುತ್ತಿದ್ದರೆ ಸಾಮಾನ್ಯವಾಗಿ ಬಂಧಿಸುವುದಿಲ್ಲ. ಬಂಧಿಸುವುದಾದರೆ ಅದಕ್ಕೆ ಬರೆದಿಟ್ಟ ಕಾರಣ ಬೇಕು. ಆದ್ದರಿಂದ ಠಾಣೆಯಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ "ನಾನೇನು ತಪ್ಪು ಮಾಡಿದೆ" ಎಂಬುದಲ್ಲ, "ನಾನು ಈಗ ಹೋಗಬಹುದಾ" ಎಂಬುದು.

ಒಂದು ಗಂಟೆ ಜಗ್ಗಾಟವಾಗಿ ನೋಟಿಸ್ ಕೈಗೆ ಬಂತು. ನೋಟಿಸ್ ತಲುಪಿತೆಂದು ಸಾಬರ ಕೈಲಿ ಸಹಿ ಹಾಕಿಸಿದೆ. ಅದರ ಹಿಂದೆಯೇ ಪೇದೆ ಇನ್ನೆರಡು ಹಾಳೆ ಮುಂದಿಟ್ಟ. "ಹೇಳಿಕೆ ಬರ್ಕಂಡಿದೀವಿ. ಇಲ್ಲೊಂದು ಸಹಿ ಹಾಕಿ ಹೋಗ್ಲಿ." ತನಿಖೆಯಲ್ಲಿ ಪೊಲೀಸರು ಬರೆದುಕೊಂಡ ಹೇಳಿಕೆಗೆ ಹೇಳಿದವರು ಸಹಿ ಹಾಕಬೇಕಿಲ್ಲ, ಕಾನೂನೇ ಬೇಡ ಎನ್ನುತ್ತದೆ. ಹಾಳೆಯನ್ನು ವಾಪಸ್ ತಳ್ಳಿದೆ. "ಇವತ್ತು ಗೆದ್ರಿ ಮೇಡಂ, ಚಾರ್ಜ್‌ಶೀಟಲ್ಲಿ ನೋಡ್ಕಳ್ಳಾಣ" ಎಂದರು ಸಬ್ ಇನ್‌ಸ್ಪೆಕ್ಟರ್.

ಆನವಟ್ಟಿಗೆ ವಾಪಸ್ ಬರುವಾಗ ಬಸ್ಸಿನಲ್ಲಿ ಸಾಬರು ನಡೆದದ್ದು ಹೇಳಿದರು. ಕೇಳಿ ನನಗೆ ಅವರ ಮೇಲೇ ಸಿಟ್ಟು ಬಂತು.

ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯ ರೈತ ಚನ್ನಬಸಪ್ಪನ ಹಳ್ಳದ ದಡದಿಂದ ಐದು ಎಚ್‌ಪಿಯ ಮೋಟರ್ ಕಳುವಾಗಿತ್ತು. ಅಂಥದೇ ಮೋಟರನ್ನು ಮೆಹಬೂಬನ ಅಂಗಡಿಯಲ್ಲಿ ನೋಡಿದೆ ಎಂದು ಯಾರೋ ಹೇಳಿದ್ದರು. ಕಳುವಾದ ಮೂರನೇ ದಿನ ಚನ್ನಬಸಪ್ಪ ನಾಲ್ಕು ಜನರನ್ನು ಕಟ್ಟಿಕೊಂಡು ಬಂದು ಅಂಗಡಿ ಮುಂದೆ ಕೂಗಾಡಿದ. ನೀರಿಲ್ಲದೆ ಮೆಕ್ಕೆಜೋಳ ಬಾಡುತ್ತಿದೆ ಎಂದ. ಮೆಹಬೂಬ್ ಸಾಬರು ಏನು ಮಾಡಿದರು? ಬದಲಿ ಮೋಟರ್ ಕೊಟ್ಟರು.

ಈ ಬದಲಿ ಮೋಟರ್ ಎಂಬುದು ನಮ್ಮ ಕಡೆಯ ವೈಂಡಿಂಗ್ ಅಂಗಡಿಗಳ ರೂಢಿ. ರೈತನ ಮೋಟರ್ ರಿಪೇರಿಯಾಗಿ ಬರುವ ತನಕ ಬೆಳೆ ಒಣಗಬಾರದೆಂದು ಅಂಗಡಿಯವನು ತನ್ನದೊಂದು ಹಳೇ ಮೋಟರ್ ಕೊಟ್ಟು ಕಳಿಸುತ್ತಾನೆ. ಬಾಡಿಗೆಯಿಲ್ಲ, ಚೀಟಿಯಿಲ್ಲ. ಇವರು ಅದೇ ಅಭ್ಯಾಸದಲ್ಲಿ ಎತ್ತಿ ಕೊಟ್ಟರು. ಅಷ್ಟಕ್ಕೇ ಬಿಡಲಿಲ್ಲ. ಚನ್ನಬಸಪ್ಪನ ಕಡೆಯವರು ಬರೆದ ಕಾಗದಕ್ಕೆ ಸಹಿಯನ್ನೂ ಹಾಕಿದರು: "ನಿಮ್ಮ ಮೋಟರನ್ನು ನಿಮಗೆ ವಾಪಸ್ ಕೊಟ್ಟಿದ್ದೇನೆ." ಚನ್ನಬಸಪ್ಪ ಮೋಟರನ್ನು ಹೊಲಕ್ಕೆ ಒಯ್ಯಲಿಲ್ಲ. ಕಾಗದ, ಮೋಟರ್ ಎರಡನ್ನೂ ನೇರ ಠಾಣೆಗೆ ಇಳಿಸಿದ. ಸಂಜೆಯೊಳಗೆ ರೈತರ ವಾಟ್ಸ್ಆ್ಯಪ್ ಗುಂಪಿನಲ್ಲಿ ಸಾಬರ ಫೋಟೋ, ಕೆಳಗೆ "ಮೋಟರ್ ಕಳ್ಳ ಸಿಕ್ಕ".

"ಓದ್ದೆ ಹೆಂಗೆ ಸಹಿ ಹಾಕಿದ್ರಿ?" ಎಂದೆ.

"ಓದೇ ಹಾಕ್ದೆ ಅಕ್ಕ. ಸಿಟ್ಟಲ್ಲಿ ಬಂದಾರೆ, ನೀರು ಹಾಯ್ಸಿಕೊಳ್ಳಲಿ, ಅವರ ಮೋಟರ್ ಸಿಕ್ಕ ದಿನ ತಾವೇ ತಂದು ಕೊಡ್ತಾರೆ ಅನ್ಕಂಡೆ."

ಜನ ತಿಳಿದುಕೊಳ್ಳುವುದು ಉಲ್ಟಾ. ಪೊಲೀಸರ ಮುಂದೆ ಹೇಳಿದ್ದೇ ದೊಡ್ಡ ಅಪಾಯ, ಊರವರ ಮುಂದೆ ಬರೆದದ್ದು ಏನೂ ಅಲ್ಲ ಅಂತ. ಪೊಲೀಸ್ ಅಧಿಕಾರಿಯ ಮುಂದಿನ ತಪ್ಪೊಪ್ಪಿಗೆಯನ್ನು ಕೋರ್ಟು ಸಾಕ್ಷ್ಯವೆಂದು ಒಪ್ಪುವುದಿಲ್ಲ. ಆದರೆ ಊರವರ ಮುಂದೆ ಒಪ್ಪಿ ಬರೆದದ್ದನ್ನು ಒಪ್ಪಬಹುದು. ಠಾಣೆಯಲ್ಲಿ ನಾನು ತಡೆದ ಸಹಿಗಿಂತ ಅಂಗಡಿಯಲ್ಲಿ ಅವರೇ ಹಾಕಿದ ಸಹಿ ಹೆಚ್ಚು ಭಾರದ್ದಾಗಿತ್ತು.

ಆರೋಪ ನ್ಯಾಯ ಸಂಹಿತೆಯ 317(2): ಕದ್ದ ಮಾಲೆಂದು ಗೊತ್ತಿದ್ದೂ ಇಟ್ಟುಕೊಂಡದ್ದು. ಮೂರು ವರ್ಷದವರೆಗೆ ಜೈಲು. ಮೋಟರಿನ ಮೇಲೆ ಕಂಪನಿಯ ನಂಬರ್ ಪ್ಲೇಟ್ ಇರಲಿಲ್ಲ. ಅಂಗಡಿಯಿಂದ ಹೊಲ, ಹೊಲದಿಂದ ಅಂಗಡಿ ಎಂದು ತಿರುಗುವ ಬದಲಿ ಮೋಟರಿನ ಪ್ಲೇಟ್ ಎಂದೋ ಉದುರಿರುತ್ತದೆ. ಪೊಲೀಸರು "ಆರೋಪಿ ಕಿತ್ತು ಎಸೆದಿದ್ದಾನೆ" ಎಂದು ಬರೆದರು.

ನಾನು ನನ್ನ ಹಳೇ ವಿದ್ಯೆಗೆ ಕೈ ಹಾಕಿದೆ. ಈ ಸೆಕ್ಷನ್ನಿನಲ್ಲಿ ಮಾಲಿನ ಯಜಮಾನ ಒಪ್ಪಿದರೆ ರಾಜಿಗೆ ಅವಕಾಶವಿದೆ. ಬಂದಳಿಕೆಗೆ ಹೋಗಿ ಚನ್ನಬಸಪ್ಪನ ಜಗಲಿಯಲ್ಲಿ ಕೂತೆ. ನೀರು ಕೂಡ ಕೊಡಲಿಲ್ಲ.

"ವಕೀಲಮ್ಮ, ಕಳ್ಳನ ಪರ ಬಂದೀರಿ, ಹೊಸ್ತಿಲ ಹೊರಗೇ ಮಾತಾಡ್ರಿ. ಸಂತೆ ದಿವ್ಸ ಆನವಟ್ಟಿ ನಡುಬೀದ್ಯಾಗೆ ನಿಂತು, ಕದ್ದ ಮಾಲು ಇಟ್ಕಂಡಿದ್ದೆ ಅಂತ ಹೇಳ್ಲಿ. ಆಮ್ಯಾಲೆ ರಾಜಿ."

ಎರಡು ಗಂಟೆ ಎಳೆದಾಡಿದೆ. ನಡುಬೀದಿಯಿಂದ ಅಂಗಡಿ ಬಾಗಿಲಿಗೆ ಇಳಿಸಿದೆ, ಅಲ್ಲಿಂದ ಬಾಯಿ ಮಾತು ಬೇಡ ಎಂಬಲ್ಲಿಗೆ ಇಳಿಸಿದೆ. ಕೊನೆಗೆ ಉಳಿದದ್ದು ಇಷ್ಟು: ಮೋಟರ್ ತನ್ನದೇ ಎಂದು ಚನ್ನಬಸಪ್ಪ ಕೋರ್ಟಿನಿಂದ ಬಿಡಿಸಿಕೊಳ್ಳುತ್ತಾನೆ, ಸಾಬರು ತಕರಾರು ಮಾಡುವುದಿಲ್ಲ, ಕೇಸು ಮುಗಿಯುತ್ತದೆ. ಒಳ್ಳೇ ವ್ಯಾಪಾರ ಕುದುರಿಸಿದೆ ಎಂದುಕೊಂಡು ಆನವಟ್ಟಿಗೆ ಬಂದೆ.

ಹಸೀನಾಬಿಗೆ ಒಪ್ಪಿಗೆಯಿತ್ತು. ಸಾಬರು ನನ್ನ ಮುಖ ನೋಡಿದರು.

"ನೀವು ಯಾರ ಕಡೆ ವಕೀಲರು ಅಕ್ಕ?"

"ಜೈಲು ತಪ್ಪಿಸೋ ಕಡೆ."

"ಅವ್ರದೇ ಮೋಟರ್ ಅಂತ ನಾನು ಸುಮ್ನಿದ್ರೆ ನಾನು ಕಳ್ಳ ಅಂತಾಯ್ತು. ನಾಳೆಯಿಂದ ಯಾರು ನನ್ನ ಅಂಗಡೀಲಿ ಮೋಟರ್ ಬಿಟ್ಟು ಹೋಗ್ತಾರೆ? ತಂತಿ ಸುತ್ತೋದು ಬಿಟ್ರೆ ನಂಗೆ ಇನ್ನೇನು ಬರುತ್ತೆ?"

"ಹಟ ಸಾಕು ಮಾಡ್ರೀ. ಕೋರ್ಟು ಕಚೇರಿ ಅಂತ ಸಾಯ್ತೀರಿ" ಎಂದು ಹಸೀನಾಬಿ ಹರಿಹಾಯ್ದರು.

"ನೀನು ಸುಮ್ಕಿರು. ಅದರ ಒಳಗೆ ನನ್ನ ಕೈ ಐತೆ."

"ಏನು ಹಾಗಂದ್ರೆ?" ಎಂದೆ.

ಆ ಮೋಟರನ್ನು ಎರಡು ವರ್ಷದ ಹಿಂದೆ ಅವರೇ ಸುತ್ತಿದ್ದರಂತೆ. ಸುತ್ತಿದಾಗಲೆಲ್ಲ ಎಷ್ಟು ಸುತ್ತು, ಯಾವ ದಪ್ಪದ ತಂತಿ, ಯಾವ ದಿನ ಎಂದು ಚಿಕ್ಕ ಇನ್ಸುಲೇಶನ್ ಪೇಪರಿನಲ್ಲಿ ಬರೆದು, ಸುರುಳಿಯ ಜೊತೆ ದಾರದಲ್ಲಿ ಬಿಗಿದು, ಮೇಲೆ ವಾರ್ನಿಶ್ ಹಾಕುವುದು ಅವರ ಪದ್ಧತಿ. ಮತ್ತೆ ಸುಟ್ಟು ಬಂದರೆ ಲೆಕ್ಕ ಹುಡುಕಬೇಕಿಲ್ಲವಲ್ಲ. ಇಷ್ಟು ದಿನ ಇದನ್ನು ಯಾಕೆ ಹೇಳಲಿಲ್ಲ ಎಂದು ಬೈದೆ. "ನೀವು ಕಾನೂನು ಕೇಳಿದ್ರಿ, ಮೋಟರ್ ಬಗ್ಗೆ ಕೇಳ್ಲೇ ಇಲ್ಲ" ಎಂದರು.

ಆ ದಿನವೇ ರಾಜಿ ಮಾತು ಮುರಿದೆ. ಒಳಗಿನ ಚೀಟಿಯ ವಿಷಯ ಮೂವರಲ್ಲೇ ಇರಬೇಕೆಂದು ಹೇಳಿದೆ. ಸಂತೆಯಲ್ಲಿ ಮೊದಲು ಬಾಯಿ ಬಿಟ್ಟವನ ಬೆಲೆಯೇ ಬೀಳುತ್ತದೆ. ನಾವು ಮೊದಲೇ ಹೇಳಿದ್ದರೆ, ತನ್ನ ಮೋಟರೂ ರಿಪೇರಿಯಾಗಿತ್ತು ಎಂದು ಚನ್ನಬಸಪ್ಪ ಕತೆ ತಿದ್ದಿಕೊಳ್ಳುತ್ತಿದ್ದ.

ಕೇಸು ಮುಗಿಯುವ ತನಕ ಮೋಟರನ್ನು ತನ್ನ ಸುಪರ್ದಿಗೆ ಕೊಡಿ ಎಂದು ಅವನು ಅರ್ಜಿ ಹಾಕಿದಾಗ ನಾನು ಬಲವಾಗಿ ವಿರೋಧಿಸಿದೆ. ಸೀಲಾಗಿಯೇ ಇರಲಿ ಎಂದೆ. ಕೋರ್ಟು ಒಪ್ಪಿತು. ನೀರು ಹಾಯಿಸಲೆಂದು ಕೊಟ್ಟ ಮೋಟರ್ ಠಾಣೆಯ ಮೂಲೆಯಲ್ಲಿ ಕೂತಿತು. ಅವನ ಜೋಳ ಅರ್ಧ ಒಣಗಿತು. ಕೋರ್ಟಿನ ಅಂಗಳದಲ್ಲಿ ಎಲ್ಲರೆದುರು ನನ್ನನ್ನು ತಡೆದ.

"ನನ್ನ ಬೆಳಿ ನಿನ್ನ ಕಣ್ಣಿಗೆ ಕಾಣ್ಲಿಲ್ಲೇನವ್ವಾ? ಆ ಮೋಟರಿಗೆ ಸೀಲು ಒತ್ತಿ ಪೂಜೆ ಮಾಡ್ಕೋ!"

ಅಲ್ಲಿದ್ದವರು ನಕ್ಕರು. ಅವನ ಮಾತಿನಲ್ಲಿ ನಿಜವಿತ್ತು. ಆದರೆ ನನ್ನ ಕಕ್ಷಿದಾರನ ಹೆಸರು ಆ ಸೀಲಿನ ಒಳಗಿತ್ತು. ಫೈಲು ಎತ್ತಿಕೊಂಡು ಒಳಗೆ ಹೋದೆ.

ಹನ್ನೊಂದನೇ ತಿಂಗಳಿಗೆ ಪಾಟಿ ಸವಾಲು ಬಂತು. ಪಾಟಿ ಸವಾಲೆಂದರೆ ಎದುರು ಪಕ್ಷದ ಸಾಕ್ಷಿಯನ್ನು ನಾವು ಪ್ರಶ್ನಿಸುವುದು. ಚನ್ನಬಸಪ್ಪ ಕಟಕಟೆ ಹತ್ತಿದಾಗಿನಿಂದ ನನ್ನನ್ನೇ ದುರುಗುಟ್ಟಿಕೊಂಡು ನಿಂತಿದ್ದ. ಸಿಟ್ಟಿನಲ್ಲಿರುವ ಸಾಕ್ಷಿ ಒಳ್ಳೆಯದು. ಅವನು ಕೇಳಿದ್ದಕ್ಕಿಂತ ಹೆಚ್ಚು ಹೇಳುತ್ತಾನೆ.

"ನಿಮ್ಮ ಮೋಟರ್ ಹೊಸದೋ, ಹಳೇದೋ?"

"ಹೊಸಾದು. ಬಿಲ್ಲು ಕೊಟ್ಟೀನಲ್ಲ, ಕಳುವಾದಾಗ ಎಂಟು ತಿಂಗಳಾಗಿತ್ತು."

"ಸುಟ್ಟು ರಿಪೇರಿ ಆಗಿತ್ತೇನೋ?"

"ಎಂಟು ತಿಂಗಳಿಗೆ ಸುಡಾಕೆ ಅದೇನು ನಿಮ್ಮ ಸಾಬಣ್ಣ ಸುತ್ತಿದ ಮೋಟರಾ? ಕಂಪನಿ ಮಾಲು. ಒಂದು ನಟ್ಟೂ ಬಿಚ್ಚಿಲ್ಲ."

ಸರ್ಕಾರಿ ವಕೀಲರು ನಕ್ಕರು. ನಾನು ಆ ಮಾತನ್ನು ದಾಖಲಿಸಿಕೊಳ್ಳಲು ಕೋರಿದೆ. ಬಳಿಕ ಮೋಟರನ್ನು ತಜ್ಞರ ಕೈಯಲ್ಲಿ ನ್ಯಾಯಾಲಯದ ಎದುರೇ ಬಿಚ್ಚಿಸಬೇಕೆಂದು ಅರ್ಜಿ ಕೊಟ್ಟೆ. ಮುಂದಿನ ದಿನಾಂಕಕ್ಕೆ ಐಟಿಐನ ಬೋಧಕರೊಬ್ಬರು ಸ್ಪ್ಯಾನರ್ ಹಿಡಿದು ಬಂದರು. ಸೀಲು ನೋಡಿ, ಒಡೆದು, ನಾಲ್ಕು ಬೋಲ್ಟ್ ಬಿಚ್ಚಿ ಮುಚ್ಚಳ ತೆಗೆದರು. ಸುರುಳಿಯ ಪಕ್ಕದಲ್ಲಿ ಕಂದುಬಣ್ಣಕ್ಕೆ ತಿರುಗಿದ ಚೀಟಿ. ಅದರಲ್ಲಿ ಸುತ್ತಿನ ಸಂಖ್ಯೆ, ತಂತಿಯ ಗೇಜು, ಕಳವಿಗಿಂತ ಎರಡು ವರ್ಷ ಹಿಂದಿನ ತಾರೀಕು.

"ಕದ್ದ ಮೇಲೆ ಗುರುತು ಅಳಿಸೋಕೆ ಆರೋಪಿಯೇ ಹೊಸದಾಗಿ ಸುತ್ತಿರಬಹುದಲ್ಲ? ತಾರೀಕು ಯಾವುದು ಬೇಕಾದ್ರೂ ಬರೀಬಹುದು" ಎಂದರು ಸರ್ಕಾರಿ ವಕೀಲರು. ಪ್ರಶ್ನೆ ಸರಿಯಾಗಿಯೇ ಇತ್ತು.

ಬೋಧಕರು ಚೀಟಿ ಕಡೆ ನೋಡಲೇ ಇಲ್ಲ, ವಾರ್ನಿಶನ್ನು ಉಗುರಿನಿಂದ ಕೆರೆದರು. "ಮೂರು ದಿನದ ವಾರ್ನಿಶ್ ಹೀಗಿರಲ್ಲ ಸಾರ್. ಇದು ಕಾದು ಆರಿ, ಕಾದು ಆರಿ ಬಿರುಕು ಬಿಟ್ಟಿದೆ. ಎರಡು ಬೇಸಿಗೆಯಾದರೂ ಓಡಿರೋ ಮೋಟರು."

ಕಳವಿಗೆ ಎಂಟು ತಿಂಗಳ ಹಿಂದಷ್ಟೇ ಕೊಂಡು ಒಂದು ನಟ್ಟೂ ಬಿಚ್ಚದ ಮೋಟರ್ ಇದಾಗಲು ಸಾಧ್ಯವಿರಲಿಲ್ಲ. ಅಂಗಡಿಯಲ್ಲಿ ಬರೆಸಿಕೊಂಡ ಕಾಗದ ಒಂದೇ ಉಳಿಯಿತು. ಮಾಲೇ ಕದ್ದದ್ದಲ್ಲ ಎಂದಮೇಲೆ ಅದಕ್ಕೆ ನಿಲ್ಲಲು ನೆಲವಿರಲಿಲ್ಲ. ಎರಡು ತಿಂಗಳಲ್ಲಿ ತೀರ್ಪು: ಖುಲಾಸೆ, ಮೋಟರನ್ನು ಮೆಹಬೂಬ್ ಸಾಬರಿಗೆ ಹಿಂದಿರುಗಿಸತಕ್ಕದ್ದು.

ಹೊರಗೆ ಚನ್ನಬಸಪ್ಪ ಬೈಕಿಗೆ ಒರಗಿ ನಿಂತಿದ್ದ. "ಬಿಟ್ಟಾರೆ ಅಷ್ಟೆ. ಕದ್ದಿಲ್ಲ ಅಂತ ಯಾರೂ ಹೇಳಿಲ್ಲ" ಎಂದು ನಮಗೆ ಕೇಳುವಂತೆ ಉಗುಳಿ ಹೋದ. ಅವನ ಮೋಟರ್ ಕದ್ದವರು ಇವತ್ತಿನವರೆಗೂ ಸಿಕ್ಕಿಲ್ಲ. ವಾಟ್ಸ್ಆ್ಯಪಿನ ಫೋಟೋ ಅಳಿಸಿದವರೂ ಇಲ್ಲ.

ತಿಂಗಳ ಬಳಿಕ ಸಾಬರ ಅಂಗಡಿಯಲ್ಲಿ ಕೂತಿದ್ದೆ. ಒಬ್ಬ ರೈತ ಸುಟ್ಟ ಮೋಟರ್ ಇಳಿಸಿ, "ಸಾಬ್ರೇ, ನಾಕು ದಿನಕ್ಕೆ ಬದಲಿ ಕೊಡ್ರಿ, ಸಸಿ ಒಣಗ್ತಾವೆ" ಎಂದ. ಸಾಬರು ತಲೆ ಎತ್ತದೆ "ಬದಲಿ ಕೊಡೋದು ಬಿಟ್ಟೀನಿ" ಎಂದರು. ಅವನು ಗೊಣಗುತ್ತ ಹೋದ.

ನಾನು ಸುಮ್ಮನಿರುವವಳಲ್ಲ. "ಕೊಡಿ, ಆದ್ರೆ ಒಂದು ಚೀಟಿ ಬರೆಸ್ಕೊಳ್ಳಿ. ಇದು ಅಂಗಡಿ ಮೋಟರ್, ಇಂಥ ದಿನ ಒಯ್ದೆ ಅಂತ ಸಹಿ ಹಾಕ್ಲಿ. ಅಷ್ಟೇ" ಎಂದೆ.

"ಚೀಟಿ ಕೇಳಿದ್ರೆ ಸಾಬ ನನ್ನ ನಂಬ್ಲಿಲ್ಲ ಅಂತ ಅವ್ನು ಸಿಟ್ಟಾಗ್ತಾನೆ. ಕೇಳ್ದಿದ್ರೆ ನಂಗೆ ರಾತ್ರಿ ನಿದ್ದೆ ಬರಲ್ಲ. ನೀವೇ ಹೇಳ್ರಿ, ಯಾವ್ದು ಮಾಡ್ಲಿ?"

ಚೀಟಿಯನ್ನೇ ಕೇಳಿ ಎಂದೆ. ಈಗ ಕಕ್ಷಿದಾರರಿಗೆಲ್ಲ ಅದನ್ನೇ ಹೇಳುತ್ತೇನೆ. ಸಿಟ್ಟಿನಿಂದ ಬಾಗಿಲಿಗೆ ಬಂದವರನ್ನು ಸಮಾಧಾನ ಮಾಡಲು ಏನನ್ನೂ ಕೊಡಬೇಡಿ, ಎಲ್ಲಿಯೂ ಸಹಿ ಹಾಕಬೇಡಿ. ಅವರು ಎದ್ದು ಹೋದ ಮೇಲೆ ವಕೀಲರನ್ನು ಕೇಳಿ. ಉಪಕಾರ ಮಾಡುವುದಿದ್ದರೆ ಬರೆದಿಟ್ಟು ಮಾಡಿ. ಚೀಟಿ ಕೇಳಿದ್ದಕ್ಕೆ ಮುನಿಸಿಕೊಳ್ಳುವವನು ಮುನಿಸಿಕೊಳ್ಳಲಿ. ಮುನಿಸು ಒಂದು ಸುಗ್ಗಿಗೆ ಇಳಿಯುತ್ತದೆ, ಕ್ರಿಮಿನಲ್ ಕೇಸು ಇಳಿಯುವುದಿಲ್ಲ. ಮತ್ತು ನನ್ನಂಥ ವಕೀಲರಿಗೆ: ರಾಜಿಯ ಬೆಲೆ ಕಟ್ಟುವ ಮುಂಚೆ, ಕಕ್ಷಿದಾರನಿಗೆ ಅವನ ಕಸುಬಿನ ಬಗ್ಗೆ ಒಂದು ಪ್ರಶ್ನೆ ಕೇಳಿ. ನಾನು ಅದನ್ನು ಕೇಳದೆಯೇ ಒಬ್ಬ ನಿರಪರಾಧಿಯ ಹೆಸರನ್ನು ಮಾರಲು ಹೊರಟಿದ್ದೆ, ಅದೂ ಒಳ್ಳೇ ಬೆಲೆ ಬಂತೆಂಬ ಖುಷಿಯಲ್ಲಿ.